ಗ್ರೇನ್, ಡ್ರಾಮ್ ಇನ್ನೂ ಕಲಿಯಬೇಕಾ, ಸಿಸ್ಟರ್?

ಪ್ರಶ್ನೆ: ಬಾಗಲಕೋಟೆಯಲ್ಲಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಔಷಧ ಅಳೆಯುವ ಹಳೇ ಕಾಲದ ಗ್ರೇನ್, ಡ್ರಾಮ್, ಮಿನಿಮ್ ಲೆಕ್ಕ ಬಾಯಿಪಾಠ ಮಾಡಿಸುತ್ತಾರೆ. ವಾರ್ಡಿನಲ್ಲಿ ನೋಡಿದರೆ ಎಲ್ಲಾ ಮಿಲಿಗ್ರಾಂ, ಮಿಲಿಲೀಟರ್. ಸುಮ್ನೆ ಯಾಕೆ ಕಲಿಯಬೇಕು?

ಉತ್ತರ: ತಂಗಿ, ಗುರುತು ಹಿಡಿಯುವಷ್ಟು ಗೊತ್ತಿದ್ದರೆ ಸಾಕು. ಪರೀಕ್ಷೆಗೆ ಬಂದರೆ ಬರೆದು ಮಾರ್ಕ್ಸ್ ತಗೋ. ಅದಕ್ಕಿಂತ ಜಾಸ್ತಿ ಹೊತ್ತು ಕೊಡಬೇಡ.

ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ. ಮಾತ್ರೆಯ ಪಟ್ಟಿ ಮೇಲೆ ‘325’ ನೋಡಿರುತ್ತೀಯಲ್ವಾ? ಅದು ಹಳೇ ಐದು ಗ್ರೇನ್. ಬಂಗಾರ ತೂಗುತ್ತಿದ್ದ ಹಳೇ ತೊಲಿ ಕೂಡ 180 ಗ್ರೇನೇ. ಮೆಟ್ರಿಕ್ ತೂಕದ ಕಾಯ್ದೆ 1956ರಲ್ಲೇ ಬಂದರೂ ತೊಲಿ ಇನ್ನೂ ಜನರ ಬಾಯಲ್ಲಿದೆ. ಔಷಧದಲ್ಲಿ ಹಾಗೆ ಉಳಿಯಬಾರದು. ಗ್ರೇನ್ ಅನ್ನು ಚಿಕ್ಕದಾಗಿ ‘ಜಿಆರ್’ ಅಂತ ಬರೆಯುತ್ತಿದ್ದರು. ಅದನ್ನು ಗ್ರಾಂ ಅಂತ ಓದಿಬಿಟ್ಟರೆ ಡೋಸ್ ಹದಿನೈದು ಪಟ್ಟು! ಯಾವತ್ತಾದರೂ ಚೀಟಿಯಲ್ಲಿ ಕಂಡರೆ ನೀನೇ ಲೆಕ್ಕ ಹಾಕಬೇಡ. ಡಾಕ್ಟರ ಹತ್ತಿರ ಹೋಗಿ ಮಿಲಿಗ್ರಾಂನಲ್ಲಿ ಬರೆಸಿಕೊಂಡು ಬಾ.

ನನ್ನನ್ನು ಕಾಡಿದ್ದು ಗ್ರೇನ್ ಅಲ್ಲ, ಇನ್ಸುಲಿನ್. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಕಬ್ಬು ಬೆಳೆಯುವ ಅಜ್ಜ ಒಬ್ಬರಿಗೆ ಮೂರು ದಿನದಿಂದ 20 ಯೂನಿಟ್ ಕೊಡುತ್ತಿದ್ದೆವು. ಸಕ್ಕರೆ ಇಳಿಯಲೇ ಇಲ್ಲ. ಅಜ್ಜ ಕದ್ದು ಸಿಹಿ ತಿನ್ನುತ್ತಾರೆ ಅಂತ ಎಲ್ಲರೂ ಅವರನ್ನೇ ಬೈದೆವು. ಕೊನೆಗೆ ಟ್ರೇ ಎತ್ತಿ ದೀಪದ ಕೆಳಗೆ ಹಿಡಿದೆ. ಬಾಟಲಿ ಮಿಲಿಲೀಟರಿಗೆ 40 ಯೂನಿಟ್‌ದು. ಮನೆಯವರು ತಂದಿದ್ದ ಸಿರಿಂಜ್ ಕಿತ್ತಳೆ ಕ್ಯಾಪಿನದು, ಅದರ ಗೆರೆಗಳು ಮಿಲಿಲೀಟರಿಗೆ 100 ಯೂನಿಟ್ ಲೆಕ್ಕದವು. ನಾವು 20ರ ಗೆರೆಗೆ ಎಳೆದಾಗ ಅಜ್ಜನಿಗೆ ಸಿಕ್ಕಿದ್ದು ಬರೀ 8 ಯೂನಿಟ್. ಆ ಮೂರು ದಿನದಲ್ಲಿ ನಾನೂ ಒಮ್ಮೆ ಚುಚ್ಚಿದ್ದೆ. ಬೆಳಗ್ಗೆ ಅಜ್ಜನ ಕೈ ಹಿಡಿದು ತಪ್ಪಾಯಿತು ಅಂದೆ. ಇದೇ ತಿರುವುಮುರುವಾಗಿ 100ರ ಬಾಟಲಿಗೆ ಕೆಂಪು ಕ್ಯಾಪಿನ 40ರ ಸಿರಿಂಜ್ ಹಾಕಿದ್ದರೆ 50 ಯೂನಿಟ್ ಹೋಗುತ್ತಿತ್ತು. ಅಜ್ಜ ಬೆಳಗಿನ ತನಕ ಉಳಿಯುತ್ತಿದ್ದರೋ ಇಲ್ಲವೋ.

ಹಾಗಾಗಿ ಮಿನಿಮ್ ಪಟ್ಟಿ ಉರುಹೊಡೆಯುವ ಸಂಜೆ ಬಾಟಲಿ, ಸಿರಿಂಜ್ ಎರಡನ್ನೂ ಕೈಯಲ್ಲಿ ಹಿಡಿದು ಓದು. ಮನೆಗೆ ಹೊರಟ ತಾಯಂದಿರಿಗೆ ‘ಒಂದು ಚಮಚ ಸಿರಪ್’ ಅನ್ನಬೇಡ, 5 ಮಿಲಿ ಗೆರೆ ಇರುವ ಅಳತೆ ಮುಚ್ಚಳ ತೋರಿಸು. ಡ್ರಿಪ್ ಲೆಕ್ಕ ದಿನಾ ಮಾಡು. ಇವತ್ತು ಇದನ್ನು ಬಿಡಿಸು: ಒಂದು ಲೀಟರ್ ಸಲೈನ್, 8 ಗಂಟೆ, ಮಿಲಿಲೀಟರಿಗೆ 20 ಹನಿ ಬೀಳುವ ಸೆಟ್. ನಿಮಿಷಕ್ಕೆ 42 ಹನಿ ಬರಬೇಕು.