ಓದುಗರ ಪ್ರಶ್ನೆ: ಜೈಲು, ಸೇಡು ಮತ್ತು ನಿಮ್ಮ ನಾಟಕ

ಪ್ರಶ್ನೆ: ನಾವು ಸೇಡಂನ ಕಾಲೇಜು ಹುಡುಗರು. ಒಂದು ನಾಟಕ ಬರೀತಿದ್ದೇವೆ ಸರ್. ಅಣ್ಣನನ್ನು ಕೊಂದವನು ಕಲಬುರಗಿ ಸೆಂಟ್ರಲ್ ಜೈಲಿನಲ್ಲಿ ಜೀವಾವಧಿ ಶಿಕ್ಷೆ ಅನುಭವಿಸ್ತಿದ್ದಾನೆ. ತಮ್ಮ ಬೇಕಂತಲೇ ಸಣ್ಣ ಕಳ್ಳತನ ಮಾಡಿ ಅದೇ ಜೈಲು ಸೇರ್ತಾನೆ, ಅವನನ್ನು ಮುಗಿಸೋಕೆ. ಇದು ನಂಬೋ ಹಾಗಿದೆಯಾ?

ಉತ್ತರ: ಎಳೆ ಗಟ್ಟಿಯಾಗಿದೆ, ಎರಡು ಕಡೆ ಮಾತ್ರ ಬಿಗಿ ಮಾಡಿ. ಮೊದಲನೆಯದು, ಸಣ್ಣ ಕಳ್ಳತನ ಮಾಡಿದ ಕೂಡಲೇ ಜೈಲು ಸಿಗಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಕಾರಣವಿಲ್ಲದೆ ಬಂಧಿಸಬಾರದು ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಪೊಲೀಸರು ನೋಟಿಸ್ ಕೊಟ್ಟು ಕಳಿಸಿದರೆ ನಿಮ್ಮ ಹುಡುಗ ಸಂಜೆ ಹೊತ್ತಿಗೆ ಮನೆಯಲ್ಲಿರ್ತಾನೆ. ಬಂಧಿಸಿದರೂ ಜಾಮೀನು ಇದೆ. ಹಾಗಾಗಿ ಅವನೇ ಜಾಮೀನು ಬೇಡ ಅನ್ನಬೇಕು. ತಾಯಿ ಹೊಲದ ಪಹಣಿ ಹಿಡಿದುಕೊಂಡು ಕೋರ್ಟ್ ಬಾಗಿಲಲ್ಲಿ ನಿಂತಿದ್ದರೂ ಬೇಡ ಅನ್ನಬೇಕು, ಯಾಕೆ ಅಂತ ಅವಳಿಗೆ ಹೇಳಲೂಬಾರದು. ಆ ದೃಶ್ಯ ಬಿಡಬೇಡಿ.

ಎರಡನೆಯದು ಇನ್ನೂ ಮುಖ್ಯ. ಶಿಕ್ಷೆ ಆದವರನ್ನು, ವಿಚಾರಣೆ ನಡೀತಿರುವವರನ್ನು ಜೈಲಿನಲ್ಲಿ ಬೇರೆ ಬೇರೆ ಇಡಬೇಕು ಅನ್ನೋದು ನಿಯಮ. ನಿಮ್ಮ ಹುಡುಗ ವಿಚಾರಣಾಧೀನ ಬಂಧಿ, ಅವನ ವೈರಿ ಶಿಕ್ಷಾ ಬಂಧಿ. ಇಬ್ಬರೂ ಒಂದೇ ಬ್ಯಾರಕ್‌ನಲ್ಲಿ ಹೇಗೆ ಇರ್ತಾರೆ? ಇದಕ್ಕೆ ನನ್ನ ಸಲಹೆ, ವೈರಿಗೂ ಇನ್ನೂ ಶಿಕ್ಷೆ ಆಗಿಲ್ಲ ಅಂತ ಮಾಡಿ. ಇದು ಬರೀ ನಿಯಮ ಸರಿಮಾಡೋಕೆ ಹೇಳ್ತಿರೋ ಮಾತಲ್ಲ. 2022ರ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತಾಗಿಲ್ಲ. ನಿಮ್ಮ ವೈರಿ ಆ ಮೂವರಲ್ಲಿ ಒಬ್ಬನಾದ ಕೂಡಲೇ ನಾಟಕದ ತೂಕವೇ ಬದಲಾಗುತ್ತೆ. ಇವನೇ ಕೊಂದ ಅಂತ ಹುಡುಗನಿಗೆ ಹೇಳಿದ್ದು ಊರ ಜನ. ಅವನು ಕಣ್ಣಾರೆ ಕಂಡಿಲ್ಲ.

ಈಗ ಒಂದು ದೃಶ್ಯ ಯೋಚಿಸಿ. ಆರೋಪಿಗೆ ಚಾರ್ಜ್‌ಶೀಟ್‌ನ ಪ್ರತಿಯನ್ನು ಕೋರ್ಟು ಹಣ ತಗೊಳ್ಳದೆ ಕೊಡಬೇಕು. ವೈರಿಗೆ ಓದು ಬರಲ್ಲ. ಬ್ಯಾರಕ್‌ನಲ್ಲಿ ಕಾಲೇಜು ಓದಿದವನು ಅಂದರೆ ನಿಮ್ಮ ಹುಡುಗ ಒಬ್ಬನೇ. "ತಮ್ಮಾ, ಇದರಾಗ ಏನ್ ಬರ್ದಾರ ಸ್ವಲ್ಪ ಓದಿ ಹೇಳಪಾ" ಅಂತ ಕಾಗದದ ಕಟ್ಟು ಕೈಗಿಡ್ತಾನೆ. ಪಂಚನಾಮೆ, ಶವಪರೀಕ್ಷೆ ವರದಿ, ಗಾಯಗಳ ವಿವರ, ಎಲ್ಲವೂ ತನ್ನ ಅಣ್ಣನದು. ಯಾರು ಕೊಂದ ಅಂತ ನಂಬಿದ್ದಾನೋ ಅವನಿಗೇ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು, ದನಿ ನಡುಗಬಾರದು, ನಡುಗಿದರೆ ಗುರುತು ಸಿಗುತ್ತೆ. ಓದ್ತಾ ಓದ್ತಾ ಸಾಕ್ಷಿಯೊಬ್ಬನ ಹೇಳಿಕೆಯಲ್ಲಿ ಅವನಿಗೊಂದು ಸುಳ್ಳು ಕಾಣುತ್ತೆ. ಆ ದಿನ ಆ ಸಾಕ್ಷಿ ಊರಲ್ಲೇ ಇರಲಿಲ್ಲ ಅಂತ ಹುಡುಗನಿಗೆ ಮಾತ್ರ ಗೊತ್ತು. ಈಗ ಅವನಿಗೆ ಚಾಕು ಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು, ಕೋರ್ಟೇ ಸೇಡು ತೀರಿಸುತ್ತೆ. ಸುಮ್ಮನಿರ್ತಾನಾ, ಬಾಯಿ ಬಿಡ್ತಾನಾ? ನನ್ನ ಪ್ರಕಾರ ನಿಮ್ಮ ನಾಟಕ ಇಲ್ಲಿದೆ, ಹೊಡೆದಾಟದಲ್ಲಿ ಇಲ್ಲ.

ಪ್ರಶ್ನೆ: ಸೇಡು ತೀರಿಸಿಕೊಂಡರೆ ಮನಸ್ಸು ಹಗುರಾಗುತ್ತೆ ಅಂತಾರೆ. ಅದು ನಿಜವಾ? (ಬಸವಕಲ್ಯಾಣದ ಓದುಗರು)

ಉತ್ತರ: ಸೇಡಿಗೆ ರುಚಿ ಇದೆ ಅನ್ನೋದು ಸುಳ್ಳಲ್ಲ. 2004ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದವರು ದುಡ್ಡಿನ ಆಟ ಆಡಿಸಿದರು. ಮೋಸ ಮಾಡಿದವನಿಗೆ ದಂಡ ಹಾಕುವಾಗ ಆಟಗಾರರ ಮಿದುಳನ್ನು ಸ್ಕ್ಯಾನ್ ಮಾಡಿದರು. ಏನಾದರೂ ಲಾಭ ಸಿಗುವಾಗ ಚುರುಕಾಗುವ ಭಾಗವೇ ಆಗಲೂ ಚುರುಕಾಗಿತ್ತು. ಆದರೆ ಕಾರ್ಲ್‌ಸ್ಮಿತ್, ವಿಲ್ಸನ್, ಗಿಲ್ಬರ್ಟ್ ಎಂಬ ಮೂವರು ಅಮೆರಿಕನ್ ಮನಃಶಾಸ್ತ್ರಜ್ಞರು 2008ರಲ್ಲಿ ಮುಂದಿನ ಭಾಗ ತೋರಿಸಿದರು. ದಂಡ ಹಾಕಿದರೆ ಹಾಯಾಗುತ್ತೆ ಅಂತ ಜನ ಅಂದುಕೊಂಡಿದ್ದರು. ನಿಜಕ್ಕೂ ದಂಡ ಹಾಕಿದವರಿಗೇ, ಆ ಅವಕಾಶ ಸಿಗದವರಿಗಿಂತ ಜಾಸ್ತಿ ಬೇಸರ ಆಯಿತು, ಯಾಕಂದರೆ ಅವರು ಆ ಮೋಸಗಾರನ ಬಗ್ಗೆಯೇ ಯೋಚಿಸ್ತಾ ಉಳಿದರು.

ನೀವಿರುವ ಊರಿನ ಕಥೆಯನ್ನೇ ನೋಡಿ. ಶರಣರಾದ ಹರಳಯ್ಯ, ಮಧುವರಸರನ್ನು ಎಳೆಹೂಟೆ ಕಟ್ಟಿ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿ, ಕೊಲ್ಲಿಸಿದ ದೊರೆ ಬಿಜ್ಜಳನನ್ನು ಜಗದೇವ, ಬೊಮ್ಮಯ್ಯ ಮೊದಲಾದವರು ಕೊಂದರು ಅನ್ನೋದು ಪರಂಪರೆ ಹೇಳುವ ಮಾತು. ಅವರ ಸಿಟ್ಟು ತಪ್ಪು ಅಂತ ನಾನಂತೂ ಹೇಳಲಾರೆ. ಕಣ್ಣೆದುರು ಅಂಥ ಅನ್ಯಾಯ ನಡೆದಾಗ ಯಾರ ರಕ್ತ ಕುದಿಯಲ್ಲ? ಆದರೆ ಆಮೇಲೆ ಕಲ್ಯಾಣ ಬಿಟ್ಟು ಉಳವಿಯ ಕಾಡಿನ ಕಡೆ ಓಡಿದವರಲ್ಲಿ ಕತ್ತಿ ಹಿಡಿಯದ ಶರಣರು, ಹೆಂಗಸರು, ಮಕ್ಕಳು ಎಲ್ಲರೂ ಇದ್ದರು. ಸೇಡಿನ ನಾಟಕ ಬರೆಯುವವರು ಈ ಲೆಕ್ಕ ಇಟ್ಟುಕೊಳ್ಳಲೇಬೇಕು. ಹೊಡೆದವನು ಯಾರು ಅನ್ನೋದಲ್ಲ, ಅದರ ಬೆಲೆ ಯಾರು ತೆತ್ತರು ಅನ್ನೋದು.

ಪ್ರಶ್ನೆ: ಜೈಲರ್ ಪಾತ್ರ ಕ್ರೂರವಾಗಿರಬೇಕಲ್ವಾ? ಅಮೆರಿಕದಲ್ಲಿ ವಿದ್ಯಾರ್ಥಿಗಳನ್ನೇ ಕೈದಿ, ಕಾವಲುಗಾರ ಮಾಡಿದ ಪ್ರಯೋಗ ಓದಿದ್ದೆ. (ಶಹಾಪುರ)

ಉತ್ತರ: ಅದು 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಜಿಂಬಾರ್ಡೊ ನಡೆಸಿದ ಪ್ರಯೋಗ. ಎರಡು ವಾರ ಅಂದುಕೊಂಡಿದ್ದನ್ನು ಆರೇ ದಿನಕ್ಕೆ ನಿಲ್ಲಿಸಿದರು. ಆದರೆ ಕಾವಲುಗಾರರಿಗೆ ಗಟ್ಟಿಯಾಗಿ ನಡೆದುಕೊಳ್ಳಿ ಅಂತ ಮೊದಲೇ ಸೂಚನೆ ಇತ್ತು ಅನ್ನೋದು ಆಮೇಲೆ ಹೊರಬಂತು. ಹಾಗಾಗಿ ಅಧಿಕಾರ ಸಿಕ್ಕಿದ ಕೂಡಲೇ ಎಲ್ಲರೂ ರಾಕ್ಷಸರಾಗ್ತಾರೆ ಅನ್ನೋದಕ್ಕೆ ಅದನ್ನು ಪುರಾವೆ ಮಾಡಬೇಡಿ. ಹುಡುಗನ ಸಂಚು ಗೊತ್ತಿದ್ದೂ ನೋಡದ ಹಾಗೆ ಇರುವ ಒಬ್ಬ ವಾರ್ಡರ್‌ನನ್ನು ತನ್ನಿ. ಬಡಿಗೆ ಹಿಡಿದವನಿಗಿಂತ ಅವನು ನೋಡುವವರನ್ನು ಜಾಸ್ತಿ ಕಾಡ್ತಾನೆ.

ಪ್ರಶ್ನೆ: ನಮ್ಮ ಜೈಲಿನ ಕಥೆಯಲ್ಲಿ ನಾಯಕ ಕೊಲ್ಲಲು ಹೋದಾಗ ಖಳನಾಯಕ ತಾನೇ ಜಾರಿ ಬಿದ್ದು ಸಾಯ್ತಾನೆ. ನಾಯಕನ ಕೈಗೆ ರಕ್ತ ಅಂಟೋದಿಲ್ಲ. ಹೇಗಿದೆ? (ಆಳಂದ)

ಉತ್ತರ: ದಯವಿಟ್ಟು ಬೇಡ. ಎರಡು ತಾಸು ನಾಯಕನ ಜೊತೆ ಒದ್ದಾಡಿದ ಪ್ರೇಕ್ಷಕರಿಗೆ ಇದು ಮೋಸ. ಕೊಲ್ಲುವುದಾದರೆ ಅವನೇ ಕೊಲ್ಲಲಿ, ಬಿಡುವುದಾದರೆ ಅವನೇ ಬಿಡಲಿ. ಕ್ಷಮೆಯನ್ನೂ ಕಾಲು ಹಿಡಿದು ಅಳುವ ದೃಶ್ಯದಿಂದ ಸುಲಭ ಮಾಡಬೇಡಿ. ಮುಲಾಕಾತ್ ದಿನ, ಅಂದರೆ ಮನೆಯವರು ಕೈದಿಗಳನ್ನು ನೋಡೋಕೆ ಬರುವ ದಿನ, ಇಬ್ಬರ ಮನೆಯವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ. ಇವನ ತಾಯಿ, ಅವನ ಹೆಂಡತಿ, ಆಳಂದದಿಂದ ಒಂದೇ ಬಸ್ಸಿನಲ್ಲಿ ಬಂದವರು, ಒಬ್ಬರಿಗೊಬ್ಬರು ಯಾರು ಅಂತ ಗೊತ್ತಿಲ್ಲದೆ ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿಂದಿದ್ದಾರೆ. ಒಳಗಿನಿಂದ ನಾಯಕ ಅದನ್ನು ನೋಡ್ತಾನೆ. ಅವನು ತೀರ್ಮಾನ ಮಾಡಬೇಕಾದದ್ದು ಅದನ್ನು ನೋಡಿದ ಮೇಲೆ.

ಪ್ರಶ್ನೆ: ಸಂಭಾಷಣೆಯಲ್ಲಿ 302 ಅನ್ನಬಹುದಾ? ಜೀವಾವಧಿ ಅಂದರೆ 14 ವರ್ಷ ತಾನೆ? (ಯಾದಗಿರಿ)

ಉತ್ತರ: ಕೊಲೆ ನಡೆದದ್ದು 2024ರ ಜುಲೈ 1ಕ್ಕಿಂತ ಮೊದಲಾದರೆ ಹಳೆಯ ಭಾರತೀಯ ದಂಡ ಸಂಹಿತೆಯ ಕೊಲೆಯ ಕಲಂ 302 ಸರಿ. ಆಮೇಲೆ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 103. ಜೀವಾವಧಿ ಅಂದರೆ ಬದುಕಿರುವವರೆಗೂ. ಕೊಲೆ ಕೇಸಿನಲ್ಲಿ 14 ವರ್ಷ ಒಳಗಿದ್ದ ಮೇಲಷ್ಟೇ ಸರ್ಕಾರ ಶಿಕ್ಷೆ ಕಡಿಮೆ ಮಾಡಿ ಬಿಡುವ ಬಗ್ಗೆ ಯೋಚಿಸಬಹುದು, ಬಿಡಲೇಬೇಕು ಅಂತಿಲ್ಲ. "ಹದಿನಾಲ್ಕು ವರ್ಷ ಆದ ಮೇಲೆ ಬಂದೇ ಬರ್ತೀನಿ" ಅನ್ನುವ ಸಾಲು ಇದ್ದರೆ ತಿದ್ದಿಬಿಡಿ.