ಯಜಮಾನರ ನೆನಪಿಗೆ ಪುಸ್ತಕ ಮಾಡಬೇಕು, ಏನು ಬರೆಯೋದು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ನಮ್ಮ ಯಜಮಾನರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ವರ್ಷಾಂತಿಕಕ್ಕೆ ಒಂದು ಸಣ್ಣ ಪುಸ್ತಕ ಮಾಡಿ ನೆಂಟರಿಷ್ಟರಿಗೆ ಹಂಚೋಣ ಅಂತ ಮಕ್ಕಳ ಆಸೆ. ಮಗ ಬರೆದು ಕಳಿಸಿದ್ದಾನೆ. ಹುಟ್ಟಿದ್ದು, ಓದಿದ್ದು, ಸೊಸೈಟಿ ನಿರ್ದೇಶಕರಾಗಿದ್ದು, ಸರಳ ಸಜ್ಜನ, ಕೊಡುಗೈ ದಾನಿ. ಎಲ್ಲ ಸರಿಯೇ, ಆದರೆ ಓದಿದರೆ ಇವರು ಕಣ್ಣೆದುರು ಬರೋದೇ ಇಲ್ಲ. ಸಿಟ್ಟು ಜಾಸ್ತಿ ಇತ್ತು, ಅದನ್ನು ಬರೆಯೋದು ಬೇಡ ಅಂತಾನೆ ಮಗ. ಹುಡುಗರಾಗಿದ್ದಾಗ ಅಪ್ಪಿಕೋ ಚಳವಳಿಗೆ ಹೋಗಿದ್ದರಂತೆ, ಅದು ಮದುವೆಗೆ ಮುಂಚಿನದು, ನನಗೆ ಗೊತ್ತಿಲ್ಲ. ನಾನು ಏಳನೇ ಕ್ಲಾಸು ಓದಿದವಳು. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗೇ ಇದೆ ಅಮ್ಮಾ. ಮಗ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಹೆಸರು ಬದಲಿಸಿದರೆ ಅದು ಪಕ್ಕದೂರಿನ ಯಾರಿಗಾದರೂ ಹೊಂದುತ್ತೆ. ಆ ಪುಟ ಕೊನೆಯಲ್ಲಿರಲಿ, ಇಸವಿ ತಾರೀಖೂ ಬೇಕಲ್ವಾ. ಮೊದಲ ಪುಟ ನಿಮ್ಮದಾಗಲಿ.

ಗುಣ ಬಿಡಿ, ಅವರು ದಿನಾ ಮಾಡುತ್ತಿದ್ದದ್ದನ್ನು ಹೇಳಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯೋ ಔಷಧಿಗೆ ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಇದು ಎಲ್ಲರ ಮನೆಯ ಲೆಕ್ಕ. ಮೋಡ ನೋಡಿ ಇವತ್ತು ಬೇಡ ಅಂತ ಅವರು ಹೇಗೆ ನಿರ್ಧಾರ ಮಾಡುತ್ತಿದ್ದರು, ಮರ ಹತ್ತಿ ಅಡಿಕೆ ಕೊನೆ ಇಳಿಸೋ ಕೊನೆಗೌಡ ತುದಿಯಲ್ಲಿದ್ದಾಗ ಕೆಳಗೆ ನಿಂತು ಏನಂತ ಕೂಗುತ್ತಿದ್ದರು, ಅದು ನಿಮ್ಮ ಮನೆಯದು ಮಾತ್ರ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಯಾವ ಕಥೆ ಹೇಳುತ್ತಿದ್ದರು? ಮಾತಾಡೋಕೆ ಎಲೆಯಡಿಕೆ ಕವಳ ಉಗಿದು ಬರುತ್ತಿದ್ದರಾ, ಬಾಯಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದರಾ? ಇದನ್ನು ನಿಮ್ಮಷ್ಟು ಬಲ್ಲವರು ಯಾರೂ ಇಲ್ಲ. ಏಳನೇ ಕ್ಲಾಸಿನ ಚಿಂತೆ ಬಿಡಿ. ನೀವು ಹೇಳುತ್ತಾ ಹೋಗಿ, ಮಕ್ಕಳು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಮಾತಿನಲ್ಲೇ ಬರೆಯಲಿ. ತಿದ್ದೋಕೆ ಬಿಡಬೇಡಿ.

ಅಪ್ಪಿಕೋ ಶುರುವಾದದ್ದು 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿ ಕಡೆಯ ಕಾಡಿನಲ್ಲಿ. ಮರ ಕಡಿಯೋಕೆ ಬಂದವರ ಎದುರು ಊರವರು ಮರ ಅಪ್ಪಿಕೊಂಡು ನಿಂತರು. ಆಗ ಇಪ್ಪತ್ತರ ಆಸುಪಾಸಿನ ಹುಡುಗರು ಈಗ ಅರವತ್ತು ದಾಟಿದವರು, ಹಾಗಾಗಿ ತಡ ಮಾಡದೆ ಅವರ ಜೊತೆಗಿದ್ದವರನ್ನು ಹುಡುಕಿ ಮಾತಾಡಿಸಿ. ‘ಅವರ ಬಗ್ಗೆ ನಾಲ್ಕು ಮಾತು ಹೇಳಿ’ ಅಂದರೆ ಎಲ್ಲರೂ ಭಾಷಣ ಮಾಡ್ತಾರೆ. ಕಾಡಿಗೆ ನಡೆದೇ ಹೋದಿರಾ, ಬುತ್ತಿ ಯಾರ ಮನೆಯದು, ಅವನು ಮನೆಯಲ್ಲಿ ಹೇಳಿ ಬಂದಿದ್ದನಾ ಅಂತ ಕೇಳಿ.

ಸಿಟ್ಟು ಖಂಡಿತ ಬರಲಿ. ಅದಿಲ್ಲದೆ ಅವರನ್ನು ಕಂಡವರು ಯಾರು! ಒಂದು ಪ್ರಸಂಗ ಸಾಕು, ಸಿಟ್ಟು ಇಳಿದ ಮೇಲೆ ಏನು ಮಾಡುತ್ತಿದ್ದರು ಅನ್ನೋದೂ ಇರಲಿ. ಆಸ್ತಿ ಪಾಲಿನ ಜಗಳ ಏನಾದರೂ ಇದ್ದರೆ ಮಾತ್ರ ಬೇಡ, ಎದುರು ಪಕ್ಷದವರ ಮಾತು ಅದರಲ್ಲಿ ಇರೋದಿಲ್ಲ.

ಇನ್ನೊಂದು, ಇದು ಅರ್ಜೆಂಟು. ಅವರ ಫೋನನ್ನು ರೀಸೆಟ್ ಮಾಡಿ ಯಾರಿಗೂ ಕೊಡಬೇಡಿ. ವಾಟ್ಸಾಪಿನಲ್ಲಿ ಅವರು ಕಳಿಸಿದ ವಾಯ್ಸ್ ಮೆಸೇಜು ಮಕ್ಕಳ ಫೋನಿನಲ್ಲೂ ಇದ್ದೀತು, ಎಲ್ಲ ಒಟ್ಟು ಮಾಡಿ ಎರಡು ಕಡೆ ಇಡಿ. ಕೊನೆಕೊಯ್ಲಿಗೆ ಬರ್ತೀಯೋ ಇಲ್ಲವೋ ಅಂತ ಗದರಿದ್ದೂ ಇರಲಿ.

ವರ್ಷಾಂತಿಕದೊಳಗೆ ಪುಸ್ತಕ ಆಗದಿದ್ದರೆ ಅವಸರ ಮಾಡಬೇಡಿ. ಆ ದಿನ ಎಲ್ಲರೂ ಬಂದಿರುತ್ತಾರೆ, ಊಟ ಆದ ಮೇಲೆ ಜಗಲಿಯಲ್ಲಿ ಹೇಗೂ ಅವರದೇ ಮಾತು ಬರುತ್ತೆ. ಮಗಳ ಕೈಯಲ್ಲಿ ಒಂದು ನೋಟ್‌ಬುಕ್ ಕೊಟ್ಟು ಅಲ್ಲೇ ಕೂರಿಸಿ.