ಭೂತಾನ್‌ನ ಅಣೆಕಟ್ಟೆಗಳು: ಕರೆಂಟು ನಮಗೆ, ಸಾಲ ಅವರಿಗೆ?

ಪ್ರಶ್ನೆ: ಭಾರತ ಕಟ್ಟಿಸಿಕೊಟ್ಟ ಜಲವಿದ್ಯುತ್ ಯೋಜನೆಗಳಿಂದ ಭೂತಾನ್ ಉದ್ಧಾರವಾಯಿತು ಎನ್ನುತ್ತಾರೆ. ಅಲ್ಲಿನ ಜನ ಸಾಲದ ಹೊರೆಯೆಂದು ಅಸಮಾಧಾನಗೊಂಡಿದ್ದಾರೆ ಎಂಬ ಸುದ್ದಿಯೂ ಇದೆ. ಯಾವುದು ನಿಜ? (ಹುಬ್ಬಳ್ಳಿ)

ಉತ್ತರ: ಎರಡೂ ನಿಜ. ಯಾವ ಯೋಜನೆಯ ಮಾತು ಎಂಬುದನ್ನು ನೋಡಬೇಕು. 1980ರ ದಶಕದಲ್ಲಿ ಮುಗಿದ ಚುಖಾ (336 ಮೆಗಾವಾಟ್) ಯೋಜನೆಗೆ ಭಾರತ ಕೊಟ್ಟ ಹಣದಲ್ಲಿ ಶೇ. 60 ಅನುದಾನ, ಶೇ. 40 ಸಾಲ, ಬಡ್ಡಿ ಶೇ. 5. ಆ ಆದಾಯದಿಂದ ಶಾಲೆ, ಆಸ್ಪತ್ರೆ ನಡೆದವು. ಹಳ್ಳಿಯ ಮನೆಗಳಿಗೆ ತಿಂಗಳಿಗೆ 100 ಯೂನಿಟ್ ಉಚಿತವಾಗಿ ಸಿಗುವುದಕ್ಕೂ ನೀರಿನ ದುಡಿಮೆಯೇ ಆಧಾರ. ಜನ ಅದನ್ನು ಮರೆತಿಲ್ಲ.

ಪುನಾತ್ಸಾಂಗ್‌ಛು-1 (1,200 ಮೆಗಾವಾಟ್) ಬರುವ ಹೊತ್ತಿಗೆ ಲೆಕ್ಕ ತಿರುವುಮುರುವಾಯಿತು: ಅನುದಾನ ಶೇ. 40, ಸಾಲ ಶೇ. 60, ಬಡ್ಡಿ ಶೇ. 10. 2008ರಲ್ಲಿ ಕೆಲಸ ಶುರುವಾಯಿತು. 2013ರ ಜುಲೈನಲ್ಲಿ ಅಣೆಕಟ್ಟೆಯ ಜಾಗದ ಬಲದಂಡೆಯ ಗುಡ್ಡವೇ ಜರುಗಿತು. ಮೊದಲು 3,500 ಕೋಟಿ ರೂಪಾಯಿ ಆಸುಪಾಸಿನಲ್ಲಿದ್ದ ಅಂದಾಜು ವೆಚ್ಚ 9,300 ಕೋಟಿ ದಾಟಿತು. ಇದರಲ್ಲಿ ಸಾಲದ ಪಾಲೇ ಸುಮಾರು 5,600 ಕೋಟಿ. ಅಷ್ಟನ್ನೂ ಎತ್ತಿದರೆ ಒಂದು ಯೂನಿಟ್ ಮಾರುವ ಮೊದಲೇ ವರ್ಷಕ್ಕೆ 560 ಕೋಟಿ ಬಡ್ಡಿ ಬೆಳೆಯುತ್ತದೆ. ಗುಡ್ಡ ಜರುಗಿದ್ದಕ್ಕೆ ದಂಡ ತೆರುವವರು ಸಾಲಗಾರರೇ ಎಂಬುದು ನ್ಯಾಯವಲ್ಲ. ಭೂಗರ್ಭದ ಅನಿಶ್ಚಿತತೆಯ ನಷ್ಟವನ್ನು ಎರಡು ದೇಶಗಳೂ ಹಂಚಿಕೊಳ್ಳಬೇಕಿತ್ತು.

ಜನಾಭಿಪ್ರಾಯ ಕದಡಿದ್ದು ಇದೊಂದರಿಂದಲೇ ಅಲ್ಲ. 2012ರಲ್ಲಿ ಭೂತಾನ್‌ನಲ್ಲಿ ಭಾರತದ ರೂಪಾಯಿಗೇ ಬರ ಬಂದು, ವಾಹನದ ಆಮದಿಗೂ ಮನೆ ಸಾಲಕ್ಕೂ ಕಡಿವಾಣ ಬಿತ್ತು. ಕಾಮಗಾರಿಗೆ ಬೇಕಾದ ಸಾಮಗ್ರಿಯ ಬಹುಪಾಲನ್ನು ರೂಪಾಯಿ ಕೊಟ್ಟು ಭಾರತದಿಂದ ತರಿಸುತ್ತಿದ್ದುದು ಅದಕ್ಕೊಂದು ಕಾರಣ.

ಪ್ರಶ್ನೆ: ಇಷ್ಟು ವಿದ್ಯುತ್ ಮಾರುವ ದೇಶ ಚಳಿಗಾಲದಲ್ಲಿ ಭಾರತದಿಂದಲೇ ಕೊಳ್ಳುವುದೇಕೆ? (ಮೈಸೂರು)

ಉತ್ತರ: ಅಲ್ಲಿನ ಕಟ್ಟೆಗಳು ಮಳೆಗಾಲದ ನೀರನ್ನು ಚಳಿಗಾಲದವರೆಗೆ ಕೂಡಿಡುವಂಥವಲ್ಲ. 2019ರಲ್ಲಿ ಉದ್ಘಾಟನೆಯಾದ ಮಾಂಗ್‌ದೆಛುವನ್ನೇ ನೋಡಿ. ಕಟ್ಟೆ ನದಿಯನ್ನು ತಿರುಗಿಸಿ 13 ಕಿ.ಮೀ.ಗೂ ಉದ್ದದ ಸುರಂಗಕ್ಕೆ ಬಿಡುತ್ತದೆ. ಒಟ್ಟು 692 ಮೀಟರ್ ಇಳಿದ ನೀರು ತಲಾ 180 ಮೆಗಾವಾಟ್‌ನ ನಾಲ್ಕು ಯಂತ್ರಗಳನ್ನು ತಿರುಗಿಸುತ್ತದೆ. ಲೆಕ್ಕ ಸುಲಭ: ಸೆಕೆಂಡಿಗೆ 118 ಘನಮೀಟರ್ × 692 ಮೀಟರ್ × ಗುರುತ್ವದ 9.81 × ದಕ್ಷತೆ 0.9, ಅಂದರೆ ಸುಮಾರು 7.2 ಲಕ್ಷ ಕಿಲೋವಾಟ್. ಎತ್ತರ ವರ್ಷವಿಡೀ ಅಷ್ಟೇ, ಚಳಿಗಾಲದಲ್ಲಿ ನೀರು ಮಾತ್ರ ಕುಗ್ಗುತ್ತದೆ. ಹರಿವು ಕಾಲುಭಾಗಕ್ಕಿಳಿದರೆ ಒಂದೇ ಯಂತ್ರಕ್ಕೆ ಕೆಲಸ. ನಾಲ್ಕೂ ವರ್ಷಪೂರ್ತಿ ತಿರುಗಿದರೆ 630 ಕೋಟಿ ಯೂನಿಟ್ ಬರಬೇಕು. ಯೋಜನೆಯಲ್ಲಿ ಲೆಕ್ಕ ಹಾಕಿರುವುದು ಸುಮಾರು 290 ಕೋಟಿ ಮಾತ್ರ.

ಮಳೆಗಾಲಕ್ಕೆ ಹೂಳಿನ ಕಾಟ ಬೇರೆ. ಹೂಳು ತೆಗೆಯುವ ಕೋಣೆಗಳನ್ನು ಸಾಮಾನ್ಯವಾಗಿ 0.2 ಮಿ.ಮೀ.ಗಿಂತ ದಪ್ಪ ಕಣ ತಡೆಯುವಂತೆ ಕಟ್ಟುತ್ತಾರೆ. ಅದಕ್ಕಿಂತ ಸಣ್ಣ ಬೆಣಚುಕಲ್ಲಿನ ಮರಳು ನುಸುಳಿ ನಾಝಲ್ (ನೀರು ಚಿಮ್ಮಿಸುವ ಮೂತಿ), ರನ್ನರ್ (ಆ ನೀರಿಗೆ ತಿರುಗುವ ಚಕ್ರ) ಇವುಗಳನ್ನು ಸವೆಸುತ್ತದೆ. ಹೂಳು ಅತಿಯಾದರೆ ದುಡಿಮೆಯ ಕಾಲದಲ್ಲೇ ಯಂತ್ರ ನಿಲ್ಲಿಸಿ, ಗೇಟು ತೆರೆದು ಹೂಳು ಹೊರಹಾಕಬೇಕು.

ಮಾಂಗ್‌ದೆಛು ವಿದ್ಯುತ್ತಿಗೆ ಒಪ್ಪಂದದಲ್ಲಿ ಗೊತ್ತುಮಾಡಿದ ದರ ಯೂನಿಟ್ಟಿಗೆ 4.12 ರೂಪಾಯಿ. ಚಳಿಗಾಲದಲ್ಲಿ ಭಾರತದ ವಿದ್ಯುತ್ ವಿನಿಮಯ ಕೇಂದ್ರದಿಂದ ಕೊಳ್ಳುವಾಗ ಮಾತ್ರ ಮಾರುಕಟ್ಟೆಯ ದರ.

ಪ್ರಶ್ನೆ: ಲಿಂಗನಮಕ್ಕಿಯಲ್ಲಿ ನಮ್ಮ ಊರುಗಳು ಮುಳುಗಿದಂತೆ ಅಲ್ಲಿಯೂ ಮುಳುಗಿವೆಯೇ? (ಸಾಗರ)

ಉತ್ತರ: ಆ ಪ್ರಮಾಣದಲ್ಲಿ ಇಲ್ಲ, ಜಲಾಶಯಗಳು ಚಿಕ್ಕವು. ಅಲ್ಲಿಯ ನಷ್ಟವೇ ಬೇರೆ. ಕಟ್ಟೆಯಿಂದ ವಿದ್ಯುದಾಗಾರದವರೆಗಿನ ನದಿಪಾತ್ರ ಚಳಿಗಾಲದಲ್ಲಿ ಬಹುತೇಕ ಬತ್ತುತ್ತದೆ. ಜಗತ್ತಿನಲ್ಲೇ ತೀರ ವಿರಳವಾದ ಬಿಳಿಹೊಟ್ಟೆಯ ಬಕ ಪುನಾತ್ಸಾಂಗ್‌ಛು ದಂಡೆಯಲ್ಲಿ ಮೀನು ಹಿಡಿದು ಬದುಕುವ ಹಕ್ಕಿ.

ಇನ್ನೊಂದು ಪಾಲಿನ ನಷ್ಟ ಗಡಿಯ ಈಚೆಗೆ, ನಮ್ಮವರಿಗೇ. ಕುರಿಛು ಕಟ್ಟೆ ನೀರು ಬಿಟ್ಟಾಗ ಅಸ್ಸಾಮಿನ ಬೇಕಿ ನದಿಯ ದಂಡೆಯವರು ಪ್ರವಾಹದ ಭಯದಲ್ಲಿರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ತಾಲಾ ಕಟ್ಟೆಯ ಗೇಟುಗಳು ತೆರೆಯದೆ ನೀರು ಮೇಲಿಂದಲೇ ಹರಿದಾಗ ಪಶ್ಚಿಮ ಬಂಗಾಳಕ್ಕೆ ಎಚ್ಚರಿಕೆ ಬಂತು. ಮಾತುಕತೆ ಥಿಂಪು-ದೆಹಲಿ ನಡುವೆ, ನೀರು ನುಗ್ಗುವುದು ಬಾರ್ಪೇಟ, ಅಲಿಪುರ್‌ದ್ವಾರದ ಹೊಲಗಳಿಗೆ. ಬಿಡುವ ನೀರಿನ ಪ್ರಮಾಣ, ಗೇಟುಗಳ ಸ್ಥಿತಿ ಮಳೆಗಾಲದಲ್ಲಿ ಗಂಟೆಗೊಮ್ಮೆ ಈ ಜಿಲ್ಲಾಡಳಿತಗಳಿಗೆ ತಲುಪಲೇಬೇಕು ಎಂಬ ಷರತ್ತನ್ನು ಹೊಸ ಯೋಜನೆಗಳ ಸಾಲದ ಕರಾರಿನಲ್ಲೇ ಬರೆಸಬೇಕು.